ಕೆಸರಿಗೆ ಹುಟ್ಟಿದ ಟ್ರ್ಯಾಕ್ಟರ್ ಹಿಮಕ್ಕೆ ಹೋದ ಕಥೆ



ಕೊನೆಕೊಯ್ಲು ಮುಗೀತು, ಚೇಣಿಯವರ ಲೆಕ್ಕಾನೂ ಚುಕ್ತಾ ಆಯ್ತು. ಈಗ ಸ್ವಲ್ಪ ಬಿಡುವು. ಹಾಗಾಗಿ ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದನ್ನ ಬರೀತಾ ಇದ್ದೀನಿ. ಉದ್ದ ಆಗ್ತದೆ, ಊಟ ಮಾಡಿ ಕೂತು ಓದಿ. ವಿಷಯ ಶುರುವಾಗೋದು ಅಮೆರಿಕದ ಹಿಮದಲ್ಲಿ. ಮುಗಿಯೋದು ಮಾತ್ರ ನಮ್ಮ ಗದ್ದೆ, ತೋಟದಲ್ಲೇ.

ನನ್ನ ಅಕ್ಕನ ಮಗ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದ್ದಾನೆ. ಟಿವಿಲಿ ತೋರಿಸೋ ಆ ಎತ್ತರದ ಕಟ್ಟಡದ ನ್ಯೂಯಾರ್ಕ್ ಅಲ್ಲ. ಅದೇ ರಾಜ್ಯದ ಉತ್ತರಕ್ಕೆ ಸಿರಾಕ್ಯೂಸ್ ಅಂತ ಒಂದು ಪಟ್ಟಣ, ಅದರ ಹೊರಗಿನ ಹಳ್ಳಿ. ಭಾವ ತೀರಿಹೋದ ಮೇಲೆ ಅಕ್ಕನೂ ಅಲ್ಲೇ ಇದ್ದಾಳೆ. ಹೋದ ವರ್ಷ ಜನವರಿಯಲ್ಲಿ ಒಂದು ರಾತ್ರಿ ಅಕ್ಕನಿಗೆ ಉಸಿರಾಟದ ತೊಂದರೆ ಜೋರಾಯ್ತು. ಆಂಬ್ಯುಲೆನ್ಸ್ ಏನೋ ಬಂತು, ಆದ್ರೆ ಮುಖ್ಯ ರಸ್ತೆಯಲ್ಲೇ ನಿಂತುಬಿಡ್ತು. ರಸ್ತೆಯಿಂದ ಮನೆಗೆ ನೂರು ಮೀಟರ್ ದಾರಿ, ಅದರ ತುಂಬ ಮೊಣಕಾಲು ಮುಳುಗುವಷ್ಟು ಹಿಮ. ಆಂಬ್ಯುಲೆನ್ಸಿನವರು ಸ್ಟ್ರೆಚರ್ ಹೊತ್ತುಕೊಂಡು ನಡೆದೇ ಬಂದರಂತೆ. ಅಕ್ಕ ಉಳಿದಳು. ಆದ್ರೆ ಹುಡುಗನಿಗೆ ಆ ರಾತ್ರಿ ಮರೆಯೋಕಾಗಲಿಲ್ಲ.

ಒಂದು ತಿಂಗಳು ಕಳೆದು ಫೋನ್ ಮಾಡಿದ. "ಮಾವ, ಮನೆ ದಾರಿ ಹಿಮ ತೆಗೆಯೋಕೆ ಒಂದು ಸಣ್ಣ ಟ್ರ್ಯಾಕ್ಟರ್ ತಗೋಬೇಕು. ನೀವು ಮೂವತ್ತು ವರ್ಷ ಟ್ರ್ಯಾಕ್ಟರ್ ಮೇಲೆ ಕೂತೋರು. ಯಾವ್ದು ತಗೊಳ್ಳಲಿ ಹೇಳಿ" ಅಂದ.

ನಾನು ಜನ್ಮದಲ್ಲಿ ಹಿಮ ಮುಟ್ಟಿದವನಲ್ಲ. ಆದ್ರೂ ಮಾವ ಅನ್ನಿಸ್ಕೊಂಡ ಮೇಲೆ ಗೊತ್ತಿಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ. ಮಗಳ ಸಹಾಯದಿಂದ ಮೊಬೈಲಲ್ಲಿ ಓದ್ತಾ ಹೋದೆ. ಓದ್ತಾ ಓದ್ತಾ ಒಂದು ವಿಷಯ ತಿಳೀತು. ಇವತ್ತು ಅಮೆರಿಕದ ಮನೆ ಮುಂದೆ ಹಿಮ ತೆಗೆಯೋ ಸಣ್ಣ ಟ್ರ್ಯಾಕ್ಟರಿನ ತವರುಮನೆ ಭತ್ತದ ಗದ್ದೆ. ನಮ್ಮ ಟಿಲ್ಲರಿಗೂ ಅದಕ್ಕೂ ಒಂದೇ ಮನೆತನ ಮಾರಾಯ್ರೇ!

ಮೊದಲು ಅಲ್ಲಿನ ಹಿಮದ ವಿಚಾರ ಹೇಳ್ತೀನಿ. ಸಿರಾಕ್ಯೂಸಿನ ಹತ್ತಿರ ಒಂಟಾರಿಯೋ ಅಂತ ಸರೋವರ ಇದೆ. ಸರೋವರ ಅಂತ ಹೆಸರು ಅಷ್ಟೇ, ನಿಂತು ನೋಡಿದ್ರೆ ಆಚೆ ದಡ ಕಾಣಲ್ಲ. ಚಳಿಗಾಲದಲ್ಲಿ ಕೆನಡಾ ಕಡೆಯಿಂದ ಬರೋ ಕೊರೆಯುವ ಗಾಳಿ ಆ ನೀರಿನ ಮೇಲೆ ಹಾದು ಬರುವಾಗ ತೇವ ಹೊತ್ಕೊಳ್ತದೆ. ದಡ ದಾಟಿ ನೆಲ ಏರ್ತಿದ್ದ ಹಾಗೆ ಅಷ್ಟನ್ನೂ ಹಿಮವಾಗಿ ಸುರಿಸಿಬಿಡ್ತದೆ. ಅರಬ್ಬೀ ಸಮುದ್ರದ ಮೋಡ ಆಗುಂಬೆ ಘಾಟಿಗೆ ಬಂದು ಸುರಿಯೋದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆ ಪಟ್ಟಣಕ್ಕೆ ವರ್ಷಕ್ಕೆ ಸರಾಸರಿ 3 ಮೀಟರ್ ಹಿಮ ಬೀಳ್ತದೆ. ಒಂದೇ ಸಲ ಅಲ್ಲ, ಬಿದ್ದು, ಕುಸಿದು, ಗಟ್ಟಿಯಾಗಿ, ಮತ್ತೆ ಅದರ ಮೇಲೆ ಬಿದ್ದು.

ಹಿಮ ಅಂದ್ರೆ ಹತ್ತಿ ಹಾಗೆ ಹಗುರ ಅಂತ ನಾನು ತಿಳ್ಕೊಂಡಿದ್ದೆ. ಆಗಷ್ಟೇ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ಅಥವಾ ಅದಕ್ಕೂ ಕಡಿಮೆ. ಕುಸಿದು ಒದ್ದೆಯಾದ್ರೆ 300 ಕಿಲೋ, ಅದಕ್ಕೂ ಮೇಲೆ. ನಮ್ಮ ಹುಡುಗನ ದಾರಿ 100 ಮೀಟರ್ ಉದ್ದ, 4 ಮೀಟರ್ ಅಗಲ. ಅದರ ಮೇಲೆ ಒಂದಡಿ ಅಂದ್ರೆ 30 ಸೆಂಟಿಮೀಟರ್ ಬಿತ್ತು ಅನ್ನಿ, 120 ಘನ ಮೀಟರ್ ಆಯ್ತು. ಒಣಗಿದ್ರೆ 12 ಟನ್, ಒದ್ದೆಯಾಗಿದ್ರೆ 36 ಟನ್. ಮೂರು ಟನ್ನಿನ ಟ್ರೇಲರ್ ಲೆಕ್ಕದಲ್ಲಿ ನಾಲ್ಕು ಲೋಡಿನಿಂದ ಹನ್ನೆರಡು ಲೋಡು. ಇದನ್ನ ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಸಲಿಕೆಯಲ್ಲಿ ತೆಗೀಬೇಕು. ಕೊರೆಯೋ ಚಳಿಯಲ್ಲಿ ಹಾಗೆ ಸಲಿಕೆ ಹಿಡಿದು ಹೃದಯಾಘಾತ ಆದವರು ಆ ದೇಶಗಳಲ್ಲಿ ಪ್ರತಿ ವರ್ಷ ಇದ್ದಾರೆ, ಡಾಕ್ಟರುಗಳು ಎಚ್ಚರಿಸ್ತಾನೇ ಇರ್ತಾರೆ.

ಹಿಂದಿನ ಕಾಲದಲ್ಲಿ ಏನು ಮಾಡ್ತಿದ್ರು? ಆಶ್ಚರ್ಯ ಅಂದ್ರೆ ತೆಗೀತಾನೇ ಇರ್ಲಿಲ್ಲ. ಕುದುರೆಗಾಡಿಯ ಚಕ್ರ ಕಳಚಿಟ್ಟು ಜಾರುಬಂಡಿ ಕಟ್ತಿದ್ರು. ದಾರಿ ಮೇಲಿನ ಹಿಮವನ್ನ ಕುದುರೆ ಎಳೆಯೋ ದೊಡ್ಡ ಮರದ ರೋಲರಿನಿಂದ ಒತ್ತಿ ಗಟ್ಟಿ ಮಾಡ್ತಿದ್ರು, ನಾವು ಕಣ ಮಾಡುವಾಗ ಗುಂಡು ಹೊಡೆದ ಹಾಗೆ. ಜಾರುಬಂಡಿಗೆ ಹಿಮವೇ ರಸ್ತೆ. ಕಾರು ಬಂದ ಮೇಲೆ ಲೆಕ್ಕ ತಲೆಕೆಳಗಾಯ್ತು. ರಬ್ಬರ್ ಚಕ್ರಕ್ಕೆ ಕೆಳಗಿನ ನೆಲ ಬೇಕು, ಹಿಮ ಅಡ್ಡಿ.

ಹಿಮವನ್ನ ದೂಡೋದು ಬಿಟ್ಟು ಎತ್ತಿ ಎಸೆಯೋ ಯೋಚನೆ ಮೊದಲು ಬಂದಿದ್ದು ರೈಲಿನವರಿಗೆ. 1869ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೆ. ಡಬ್ಲ್ಯು. ಎಲಿಯಟ್ ಅನ್ನೋ ಹಲ್ಲಿನ ಡಾಕ್ಟರು ರೈಲಿನ ಮುಂದೆ ತಿರುಗೋ ಚಕ್ರ ಕಟ್ಟೋ ನಕ್ಷೆಗೆ ಪೇಟೆಂಟ್ ಪಡೆದರು. ಅದನ್ನ 1880ರ ದಶಕದಲ್ಲಿ ಆರೆಂಜ್ ಜಲ್ ಅನ್ನೋರು ತಿದ್ದಿ ಕೆಲಸಕ್ಕೆ ಬರೋ ಹಾಗೆ ಮಾಡಿದರು. ರಸ್ತೆಗೆ ಅಂಥ ಯಂತ್ರ ತಂದವರು ಆರ್ಥರ್ ಸಿಕಾರ್ಡ್. ಕೆನಡಾದ ಕ್ವಿಬೆಕ್ ಸೀಮೆಯವರು, ಹೈನುಗಾರಿಕೆಯ ಮನೆಯಲ್ಲಿ ಬೆಳೆದವರು. ಹಿಮ ಬಿದ್ದ ದಿನ ಹಾಲು ಪಟ್ಟಣಕ್ಕೆ ಹೋಗ್ತಿರ್ಲಿಲ್ಲ, ಅದೇ ಚಿಂತೆ. ಹೊಲದಲ್ಲಿ ಒಕ್ಕಣೆ ಯಂತ್ರ ಗೋಧಿಯನ್ನ ಒಳಗೆಳೆದು ಹುಲ್ಲನ್ನ ಆಚೆ ಉಗುಳೋದನ್ನ ನೋಡಿ, ಇದೇ ಕೆಲಸ ಹಿಮಕ್ಕೆ ಯಾಕೆ ಆಗಬಾರದು ಅಂತ ಅವರಿಗೆ ಹೊಳೀತು ಅಂತಾರೆ. ವರ್ಷಗಟ್ಟಲೆ ಒದ್ದಾಡಿ 1925ರಲ್ಲಿ ಲಾರಿ ಮೇಲೆ ಕೂರಿಸಿದ ಹಿಮ ಎಸೆಯೋ ಯಂತ್ರ ಮಾಡಿದರು. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಔಟ್ರಮಾಂಟ್ ಪುರಸಭೆ ಅದನ್ನ ಕೊಂಡಿತು. ಹಾಲು ಹಾಕೋ ಮನೆಯ ಹುಡುಗ ಒಕ್ಕಣೆ ಯಂತ್ರ ನೋಡಿ ಮಾಡಿದ್ದು ಅನ್ನೋದನ್ನ ಓದಿ ನನಗೆ ಖುಷಿ ಆಯ್ತು.

ಊರ ರಸ್ತೆ ಏನೋ ಸರಿ ಹೋಯ್ತು. ಮನೆ ದಾರಿ? ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಜನ ಪಟ್ಟಣದ ಹೊರಗೆ ಒಂಟಿ ಮನೆ ಕಟ್ಟಿಕೊಂಡು ಹೋದರು. ಎಲ್ಲರ ಮನೆಗೂ ಕಾರು, ಕಾರಿಗೊಂದು ದಾರಿ. ಆ ದಾರಿಯ ಹಿಮ ಮನೆಯವನದೇ ತಲೆನೋವು. 1950ರ ದಶಕದಲ್ಲಿ ಕೈಯಲ್ಲಿ ಹಿಡಿದು ನಡೆಸೋ ಹಿಮದ ಯಂತ್ರ ಬಂತು. ಆಮೇಲೆ ಹುಲ್ಲು ಕತ್ತರಿಸೋ ಪುಟ್ಟ ಗಾರ್ಡನ್ ಟ್ರ್ಯಾಕ್ಟರುಗಳು ಬಂದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ 1961ರಲ್ಲಿ, ಜಾನ್ ಡೀರ್ 110 ಅನ್ನೋದು 1963ರಲ್ಲಿ. ಬೇಸಿಗೆಗೆ ಹುಲ್ಲು, ಚಳಿಗಾಲಕ್ಕೆ ಮುಂದೆ ಬ್ಲೇಡ್ ಕಟ್ಟಿದ್ರೆ ಹಿಮ.

ಆದ್ರೆ ಅವು ಹುಲ್ಲುಹಾಸಿಗೆ ಹುಟ್ಟಿದವು. ಸಣ್ಣ ಪೆಟ್ರೋಲ್ ಎಂಜಿನ್, ಬರೀ ಹಿಂದಿನ ಎರಡು ಚಕ್ರಕ್ಕೆ ಎಳೆತ. ಹಿಂದೆ ತೂಕ ಹೇರಿ, ಚಕ್ರಕ್ಕೆ ಸರಪಳಿ ಸುತ್ತಿದ್ರೆ ಅರ್ಧ ಅಡಿ ಹಿಮ ಹೇಗೋ ದೂಡ್ತಿದ್ವು. ಅದಕ್ಕಿಂತ ಹೆಚ್ಚಾದ್ರೆ ನಿಂತಲ್ಲೇ ಚಕ್ರ ಗಿರಗಿರ. ಇನ್ನೊಂದು ಕಡೆ ಆ ದೇಶದ ಹೊಲದ ಟ್ರ್ಯಾಕ್ಟರುಗಳು ವರ್ಷ ವರ್ಷ ದೊಡ್ಡದಾಗ್ತಾ ಹೋದವು. ಸಾವಿರಾರು ಎಕರೆಯವನಿಗೆ ಅದೇ ಲಾಭ, ಕಂಪನಿಗೂ ಅದೇ ಲಾಭ. ಐದು ಎಕರೆಯವನಿಗೆ ಬೇಕಾದ ಗಟ್ಟಿಮುಟ್ಟಾದ ಸಣ್ಣ ಟ್ರ್ಯಾಕ್ಟರ್ ಮಾಡೋರು ಕಡಿಮೆಯಾಗ್ತಾ ಬಂದರು. ನಡುವೆ ಒಂದು ಜಾಗ ಖಾಲಿ ಬಿತ್ತು. ಆ ಜಾಗಕ್ಕೆ ಬಂದವರು ಜಪಾನಿನವರು. ಆದ್ರೆ ಅವರ ಕಥೆಗೆ ಮುಂಚೆ ಒಬ್ಬ ಐರ್ಲೆಂಡಿನವನ ಹೆಸರು ಹೇಳ್ಲೇಬೇಕು.

ಹ್ಯಾರಿ ಫರ್ಗ್ಯೂಸನ್, ರೈತನ ಮಗ. ಆಗಿನ ಟ್ರ್ಯಾಕ್ಟರುಗಳ ಹಿಂದೆ ನೇಗಿಲನ್ನ ಸರಪಳಿ ಹಾಕಿ ಎಳೆಸ್ತಿದ್ರು. ನೇಗಿಲಿಗೆ ಕಲ್ಲು ಸಿಕ್ಕಿದ್ರೆ ಟ್ರ್ಯಾಕ್ಟರ್ ಮುಂಗಾಲು ಎತ್ತಿ ಹಿಂದಕ್ಕೆ ಮಗುಚಿ ಓಡಿಸೋನ ಮೇಲೇ ಬೀಳ್ತಿತ್ತು. ಹಾಗೆ ಆಗದಿರಲಿ ಅಂತ ಟ್ರ್ಯಾಕ್ಟರನ್ನೇ ಭಾರ ಮಾಡೋದು ರೂಢಿ. ಫರ್ಗ್ಯೂಸನ್ ಬೇರೆ ದಾರಿ ಹುಡುಕಿದರು. ಉಪಕರಣವನ್ನ ಮೂರು ಕಡೆ ಹಿಡಿದು, ಹೈಡ್ರಾಲಿಕ್ಕಿನಲ್ಲಿ ಎತ್ತಿ ಇಳಿಸಿ, ನೇಗಿಲಿನ ಎಳೆತವೇ ಟ್ರ್ಯಾಕ್ಟರನ್ನ ನೆಲಕ್ಕೆ ಒತ್ತೋ ಹಾಗೆ ಮಾಡಿದರು. ಅದೇ ಇವತ್ತು ನಮ್ಮೆಲ್ಲರ ಟ್ರ್ಯಾಕ್ಟರ್ ಹಿಂದೆ ಇರೋ ತ್ರೀ ಪಾಯಿಂಟ್ ಲಿಂಕೇಜ್. 1926ರ ಪೇಟೆಂಟ್. 1939ರಲ್ಲಿ ಫೋರ್ಡ್ ಕಂಪನಿಯ ಜೊತೆ ಸೇರಿ ಅದನ್ನ ಅಮೆರಿಕದ ರೈತರ ಕೈಗೆ ತಂದರು. ಅಲ್ಲಿಂದ ಹಗುರ ಟ್ರ್ಯಾಕ್ಟರ್ ಕೂಡ ಭಾರದ ಕೆಲಸ ಮಾಡೋ ಹಾಗಾಯ್ತು. ಕಟ್ಟಿದ ಉಪಕರಣ ಬಿಚ್ಚಿ ಇನ್ನೊಂದು ಕಟ್ಟೋದೂ ನಿಮಿಷದ ಕೆಲಸ.

ಆ ಸಣ್ಣ ಫರ್ಗ್ಯೂಸನ್ ಟ್ರ್ಯಾಕ್ಟರ್ ಹಿಮದಲ್ಲಿ ಏನು ಮಾಡಬಲ್ಲದು ಅಂತ ತೋರಿಸಿದವರು ಎಡ್ಮಂಡ್ ಹಿಲರಿ. ತೇನ್‌ಸಿಂಗ್ ಜೊತೆ 1953ರಲ್ಲಿ ಎವರೆಸ್ಟ್ ಹತ್ತಿದರಲ್ಲ, ಅವರೇ. ಕಸುಬಿನಲ್ಲಿ ಜೇನು ಸಾಕೋ ರೈತ. 1957ರ ಅಕ್ಟೋಬರಿನಲ್ಲಿ ದಕ್ಷಿಣ ಧ್ರುವದ ಕಡೆ ಹೊರಟರು, ಟಿಇ20 ಅನ್ನೋ ಮೂರು ಫರ್ಗ್ಯೂಸನ್ ಟ್ರ್ಯಾಕ್ಟರ್ ಹಿಡ್ಕೊಂಡು. ನಮ್ಮ ಇವತ್ತಿನ ಮಿನಿ ಟ್ರ್ಯಾಕ್ಟರಿನ ಹತ್ತಿರದ ಶಕ್ತಿ, ಸುಮಾರು 28 ಎಚ್‌ಪಿ. ಚಕ್ರದ ಸುತ್ತ ಟ್ಯಾಂಕಿಗೆ ಇರ್ತದಲ್ಲ ಅಂಥ ಪಟ್ಟಿ ಹಾಕಿಸಿದ್ದರು. ಜೊತೆಗಿದ್ದ ಹಿಮದ ಗಾಡಿ ದಾರಿಯಲ್ಲೇ ಕೆಟ್ಟು ನಿಂತಿತು. ಈ ಮೂರು ಟ್ರ್ಯಾಕ್ಟರ್ ಮಾತ್ರ 1958ರ ಜನವರಿ 4ರಂದು ಧ್ರುವ ಮುಟ್ಟಿದವು. ನೆಲದ ಮೇಲೆ ಓಡಿ ಅಲ್ಲಿಗೆ ಹೋದ ಮೊದಲ ಮೋಟಾರು ವಾಹನಗಳು ಅವು. ಹಿಮದಲ್ಲಿ ಗೆಲ್ಲೋದು ನೆಲದ ಹಿಡಿತ, ಬರೀ ಎಚ್‌ಪಿ ಅಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಜಪಾನ್. ಯುದ್ಧದಲ್ಲಿ ಸೋತ ಮೇಲೆ ಅಲ್ಲಿ ಭೂಸುಧಾರಣೆ ಆಯ್ತು. ಗೇಣಿ ಮಾಡ್ತಿದ್ದವರು ಭೂಮಿಯ ಒಡೆಯರಾದರು. ಎಲ್ಲರದೂ ಚೂರು ಚೂರು ಗದ್ದೆ. ನಮ್ಮ ಮಲೆನಾಡಿನ ಹಾಗೇ ಮಡಿ ಕಟ್ಟಿ, ನೀರು ನಿಲ್ಲಿಸಿ, ಕೆಸರು ಮಾಡಿ ನಟ್ಟಿ ಮಾಡೋ ಊರು. ಅಮೆರಿಕದ ಟ್ರ್ಯಾಕ್ಟರ್ ಇಳಿಸಿದ್ರೆ ಅಚ್ಚಿನ ತನಕ ಹೂತುಹೋಗ್ತದೆ. ತಿರುಗಿಸೋಕೂ ಜಾಗ ಇಲ್ಲ.

ಅಲ್ಲಿ ಎರಡು ಮನೆತನ ಮುಖ್ಯ. ಒಂದು ಕುಬೋಟಾ. 1890ರಲ್ಲಿ ಒಸಾಕಾದಲ್ಲಿ ಎರಕದ ಕೆಲಸದಿಂದ ಶುರುವಾಗಿ, ನೀರಿನ ಕಬ್ಬಿಣದ ಪೈಪು ಮಾಡಿ ಬೆಳೆದ ಕಂಪನಿ. 1947ರಲ್ಲಿ ಟಿಲ್ಲರ್ ಮಾಡಿತು, 1960ರಲ್ಲಿ ಟ್ರ್ಯಾಕ್ಟರ್. ಇನ್ನೊಂದು ಯನ್ಮಾರ್. ಇದರ ಸ್ಥಾಪಕ ಮಾಗೊಕಿಚಿ ಯಾಮಾಓಕಾ 1933ರಲ್ಲಿ ರೈತ ಬಳಸೋ ಅಳತೆಯ ಸಣ್ಣ ಡೀಸೆಲ್ ಎಂಜಿನ್ ಮಾಡಿ ತೋರಿಸಿದವರು. ಯನ್ಮಾ ಅಂದ್ರೆ ಜಪಾನಿ ಭಾಷೆಯಲ್ಲಿ ದೊಡ್ಡ ಏರೋಪ್ಲೇನ್ ಚಿಟ್ಟೆ. ಗದ್ದೆ ಮೇಲೆ ಏರೋಪ್ಲೇನ್ ಚಿಟ್ಟೆ ಹಾರಿದ್ರೆ ಆ ವರ್ಷ ಭತ್ತ ಚೆನ್ನಾಗಿ ಬರ್ತದೆ ಅಂತ ಅಲ್ಲಿನ ರೈತರ ನಂಬಿಕೆ. ಅದಕ್ಕೇ ಕಂಪನಿಗೆ ಆ ಹೆಸರು.

ಕೆಸರು ಗದ್ದೆ ಅವರಿಗೆ ಏನೇನು ಕಲಿಸ್ತು ನೋಡಿ. ಹಗುರ ಇರಬೇಕು, ಇಲ್ದಿದ್ರೆ ಹೂತುಹೋಗ್ತದೆ. ಹಗುರ ಇದ್ರೆ ಜಾರ್ತದೆ, ಹಾಗಾಗಿ ನಾಲ್ಕೂ ಚಕ್ರಕ್ಕೆ ಎಳೆತ ಬೇಕು. ಸಣ್ಣ ಮಡಿಯಲ್ಲಿ ತಿರುಗಬೇಕು, ಹಾಗಾಗಿ ಗಿಡ್ಡ ಇರಬೇಕು. ಕೆಸರಲ್ಲಿ ನೇಗಿಲು ಎಳೆಯೋದಕ್ಕಿಂತ ಎಂಜಿನ್ನಿನ ಶಕ್ತಿಯನ್ನ ಪಿಟಿಒ ಮೂಲಕ ನೇರ ರೋಟವೇಟರಿಗೆ ಕೊಟ್ಟು ಮಣ್ಣು ಕಲಸೋದು ಸಲೀಸು. ಅದಕ್ಕೆ ಎಂಜಿನ್ ಜೋರಾಗಿ ತಿರುಗ್ತಾ ಗಾಡಿ ಮಾತ್ರ ಆಮೆ ಹಾಗೆ ಹೋಗೋ ಗೇರ್ ಬೇಕು.

ಈಗ ಇದೇ ಪಟ್ಟಿಯನ್ನ ಹಿಮಕ್ಕೆ ಓದಿ ನೋಡಿ. ಜಾರೋ ನೆಲದಲ್ಲಿ ನಾಲ್ಕು ಚಕ್ರದ ಎಳೆತ. ಕಾರು, ಗೋಡೆ, ಮರದ ನಡುವೆ ತಿರುಗೋಕೆ ಗಿಡ್ಡ ಮೈ. ಹಿಮ ಎಸೆಯೋ ಯಂತ್ರಕ್ಕೆ ಪಿಟಿಒದಿಂದ ಶಕ್ತಿ. ದಪ್ಪ ಹಿಮವನ್ನ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋಗೋಕೆ ಆಮೆ ಗೇರ್. ಒಂದೂ ಬದಲಾಯಿಸೋದು ಬೇಡ! ಇದು ಕಾಕತಾಳೀಯವೂ ಅಲ್ಲವೇನೋ ಅನ್ನಿಸ್ತು ನನಗೆ. ಜಪಾನಿನ ಪಶ್ಚಿಮ ಕರಾವಳಿಯ ನೀಗಾತಾ ಕಡೆ ಒಳ್ಳೇ ಅಕ್ಕಿ ಬೆಳೆಯೋ ಸೀಮೆ. ಅದೇ ಸೀಮೆಯ ತಾಕಾಡಾ ಪಟ್ಟಣದಲ್ಲಿ 1945ರ ಫೆಬ್ರವರಿಯಲ್ಲಿ ನೆಲದ ಮೇಲೆ 377 ಸೆಂಟಿಮೀಟರ್ ಹಿಮ ನಿಂತಿತ್ತು. ಅಂದ್ರೆ ಹನ್ನೆರಡು ಅಡಿ. ಬೇಸಿಗೆಯಲ್ಲಿ ಕೆಸರು, ಚಳಿಗಾಲದಲ್ಲಿ ಹಿಮ, ಎರಡೂ ಒಂದೇ ರೈತನ ಅಂಗಳದಲ್ಲಿ.

1969ರಲ್ಲಿ ಕುಬೋಟಾ ತನ್ನ ಎಲ್200 ಅನ್ನೋ 21 ಎಚ್‌ಪಿ ಟ್ರ್ಯಾಕ್ಟರನ್ನ ಅಮೆರಿಕಕ್ಕೆ ತಂದಿತು. ಮರುವರ್ಷವೇ ಜಪಾನಿನಲ್ಲಿ ಭತ್ತ ಹೆಚ್ಚಾಗಿ, ಸರಕಾರವೇ ಗದ್ದೆ ಕಡಿಮೆ ಮಾಡಿ ಅನ್ನೋ ನೀತಿ ತಂದಿತು. ಊರಲ್ಲಿ ಬೇಡಿಕೆ ತಗ್ಗಿದ್ರೆ ಹೊರಗೆ ಮಾರೋ ದಾರಿ ಹುಡುಕಲೇಬೇಕಲ್ಲ. ಮುಂದಿನ ಹತ್ತು ವರ್ಷದಲ್ಲಿ ಅಮೆರಿಕದ ದೊಡ್ಡ ಕಂಪನಿಗಳೇ ಜಪಾನಿನವರ ಬಾಗಿಲಿಗೆ ಹೋದವು. 1973ರ ಫೋರ್ಡ್ 1000 ಮಾಡಿದ್ದು ಜಪಾನಿನ ಶಿಬೌರಾ. 1970ರ ದಶಕದ ಕೊನೆಗೆ ಬಂದ ಜಾನ್ ಡೀರ್ 850 ಮತ್ತು 950 ಮಾಡಿದ್ದು ಯನ್ಮಾರ್. ಬಣ್ಣ, ಹೆಸರು ಅಮೆರಿಕದ್ದು. ಒಳಗಿನ ಜೀವ ಭತ್ತದ ಗದ್ದೆಯದು. 2000ದಲ್ಲಿ ಕುಬೋಟಾ ಬಿಎಕ್ಸ್ ಅನ್ನೋ ಇನ್ನೂ ಗಿಡ್ಡದನ್ನ ತಂದಿತು. ಮನೆಯ ಹುಲ್ಲು, ತೋಟ, ಹಿಮ ಇಷ್ಟಕ್ಕೇ ಅಂತ ಮಾಡಿದ್ದು.

ಇಷ್ಟು ಓದಿ ಮುಗಿಸೋ ಹೊತ್ತಿಗೆ ಹುಡುಗ ಒಂದು ಫೋಟೋ ಕಳಿಸಿದ. ಹಳೇ ಜಪಾನಿ ಟ್ರ್ಯಾಕ್ಟರ್, ಹೊಸ ಬಣ್ಣ ಹೊಡೆದು ಮದುಮಗನ ಹಾಗೆ ನಿಲ್ಲಿಸಿದ್ರು. "ಮಾವ, ಹೊಸದರ ಅರ್ಧಕ್ಕೂ ಕಡಿಮೆ ರೇಟು. ನಾಲ್ಕು ಚಕ್ರದ ಎಳೆತ ಇದೆ. ನಾಳೆ ಅಡ್ವಾನ್ಸ್ ಕೊಡ್ತೀನಿ" ಅಂದ. ಫೋಟೋ ದೊಡ್ಡದು ಮಾಡಿ ನೋಡಿದೆ. ಲಿವರ್ ಪಕ್ಕದ ಚೀಟಿಗಳೆಲ್ಲ ಜಪಾನಿ ಅಕ್ಷರ. ಸೀಟಿನ ಹಿಂದೆ ಕಬ್ಬಿಣದ ಕಮಾನು ಇಲ್ಲ. ಪಿಟಿಒ ಶಾಫ್ಟಿನ ಮೇಲೆ ಮುಚ್ಚಳ ಇಲ್ಲ.

ಇದರದೂ ಒಂದು ಇತಿಹಾಸ ಇದೆ. ಜಪಾನಿನ ರೈತರು ಬಳಸಿ ಬಿಟ್ಟ ಸಣ್ಣ ಟ್ರ್ಯಾಕ್ಟರುಗಳನ್ನ ವ್ಯಾಪಾರಿಗಳು ಹಡಗಿನಲ್ಲಿ ತುಂಬಿ ಅಮೆರಿಕಕ್ಕೆ ತಂದು ಮಾರ್ತಿದ್ರು. ಅವು ನಕಲಿ ಅಲ್ಲ, ಅಸಲಿಯೇ. ಆದ್ರೂ ಕುಬೋಟಾ ಕಂಪನಿ ತನ್ನ ಹೆಸರಿನ ಅಂಥ ಹಳೇ ಟ್ರ್ಯಾಕ್ಟರುಗಳ ವಿರುದ್ಧ ದೂರು ಕೊಟ್ಟಿತು. ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ 1997ರಲ್ಲಿ ಅವನ್ನ ತಡೆಯೋ ಆದೇಶ ಕೊಟ್ಟಿತು, 1999ರಲ್ಲಿ ಮೇಲಿನ ಕೋರ್ಟೂ ಎತ್ತಿ ಹಿಡೀತು. ಕಾರಣ ಸರಳ. ಜಪಾನಿನ ಗದ್ದೆಗೆ ಮಾಡಿದ್ದಕ್ಕೂ ಅಮೆರಿಕಕ್ಕೆ ಮಾಡಿದ್ದಕ್ಕೂ ಒಳಗೆ ವ್ಯತ್ಯಾಸ ಇದೆ. ಭಾಗಗಳು ಹೊಂದಲ್ಲ, ಎಚ್ಚರಿಕೆ ಚೀಟಿ ಓದೋಕಾಗಲ್ಲ, ಸುರಕ್ಷತೆಯ ಸಾಮಾನು ಕಡಿಮೆ. ಕೊಂಡವನು ಹೆಸರು ನೋಡಿ ನಂಬ್ತಾನೆ, ರಿಪೇರಿಗೆ ಹೋದಾಗ ಅಂಗಡಿಯವನು ಇದು ನಮ್ಮದಲ್ಲ ಅಂತಾನೆ.

ನನಗೆ ಭಾಗಕ್ಕಿಂತ ಆ ಕಮಾನಿನ ಚಿಂತೆ. ಟ್ರ್ಯಾಕ್ಟರ್ ಮಗುಚಿದ್ರೆ ಓಡಿಸೋನು ಅಪ್ಪಚ್ಚಿ ಆಗದ ಹಾಗೆ ತಡೆಯೋದು ಅದೇ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರಿಗೆ ಅದು ಕಡ್ಡಾಯ ಅಂತ ಮಾಡಿತು, ಸಾವು ಇಳಿಯಿತು. ಅಮೆರಿಕದ ಕಂಪನಿಗಳು 1980ರ ದಶಕದ ನಡುವಿಂದ 20 ಎಚ್‌ಪಿ ಮೇಲಿನ ಹೊಲದ ಟ್ರ್ಯಾಕ್ಟರಿಗೆಲ್ಲ ತಾವಾಗೇ ಹಾಕಿಕೊಡೋಕೆ ಶುರು ಮಾಡಿದವು. ಕಮಾನಿನ ಜೊತೆ ಬೆಲ್ಟೂ ಕಟ್ಟಿಕೊಂಡಿರಬೇಕು, ಇಲ್ದಿದ್ರೆ ಎಸೆದು ಬಿಡ್ತದೆ. ನಮ್ಮೂರಲ್ಲಿ ಗದ್ದೆಯ ಅಂಚು ಹತ್ತಿಸುವಾಗ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಹೋದ ಜೀವ ಯಾರದು ಅಂತ ನಿಮಗೆಲ್ಲ ಗೊತ್ತು. ಆ ದಿನ ಟ್ರ್ಯಾಕ್ಟರ್ ಎತ್ತೋಕೆ ಕೈ ಹಾಕಿದವರಲ್ಲಿ ನಾನೂ ಒಬ್ಬ. ಹಿಮದ ಅಡಿಯಲ್ಲಿ ಚರಂಡಿ ಎಲ್ಲಿ, ದಾರಿ ಎಲ್ಲಿ ಅಂತ ಕಾಣಲ್ಲ. "ಅಮ್ಮನ ಜೀವಕ್ಕೆ ಅಂತ ಟ್ರ್ಯಾಕ್ಟರ್ ತಗೊಳ್ತಾ ಇದೀಯ, ನಿನ್ನ ಜೀವ ಒತ್ತೆ ಇಡಬೇಡ" ಅಂದೆ. ಹುಡುಗ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಅಡ್ವಾನ್ಸ್ ಕೊಡ್ಲಿಲ್ಲ.

ಆಮೇಲೆ ಇಬ್ಬರೂ ಕೂತು, ಅವನು ಅಲ್ಲಿ ನಾನು ಇಲ್ಲಿ, ಲೆಕ್ಕ ಹಾಕಿದ್ವಿ. ಮೊದಲು ಕೆಲಸ, ಆಮೇಲೆ ಉಪಕರಣ, ಕೊನೆಗೆ ಟ್ರ್ಯಾಕ್ಟರ್.

ದಾರಿ ಇಪ್ಪತ್ತು ಮೂವತ್ತು ಮೀಟರ್ ಇದ್ದಿದ್ರೆ ಕೈಯಲ್ಲಿ ನಡೆಸೋ ಯಂತ್ರವೇ ಸಾಕಿತ್ತು, ಟ್ರ್ಯಾಕ್ಟರ್ ದಂಡ. ಇವನದು ನೂರು ಮೀಟರ್, ಜೊತೆಗೆ ಐದು ಎಕರೆ ಜಾಗ. ಉಪಕರಣದಲ್ಲಿ ಮೂರು ದಾರಿ. ಬ್ಲೇಡ್ ಅಗ್ಗ, ಬೇಗ. ಆದ್ರೆ ದೂಡಿದ ಹಿಮ ಪಕ್ಕದಲ್ಲೇ ಗೋಡೆ ಆಗಿ ಗಟ್ಟಿಯಾಗ್ತದೆ, ಫೆಬ್ರವರಿ ಹೊತ್ತಿಗೆ ದೂಡೋಕೆ ಜಾಗವೇ ಇರಲ್ಲ. ಮುಂದಿನ ಬಕೆಟ್ಟಿನಲ್ಲಿ ಹೊತ್ತು ಹಾಕೋದು ನಿಧಾನ. ಎಸೆಯೋ ಯಂತ್ರ ದುಬಾರಿ, ಆದ್ರೆ ದೂರಕ್ಕೆ ಚೆಲ್ಲಿಬಿಡ್ತದೆ. ಮೂರು ಮೀಟರ್ ಬೀಳೋ ಊರಿಗೆ ಅದೇ ಸರಿ.

ಅದನ್ನ ಹಿಂದೆ ಕಟ್ಟಬಹುದು, ಮುಂದೆ ಕಟ್ಟಬಹುದು. ಹಿಂದಿನ 540 ಸುತ್ತಿನ ಪಿಟಿಒಗೆ ಕಟ್ಟಿದ್ರೆ ಅಗ್ಗ, ಆದ್ರೆ ಇಡೀ ದಾರಿ ಕತ್ತು ತಿರುಗಿಸಿ ರಿವರ್ಸ್ ಓಡಿಸ್ಬೇಕು. ಅಲ್ಲಿನ ಸಣ್ಣ ಟ್ರ್ಯಾಕ್ಟರುಗಳಿಗೆ ಹೊಟ್ಟೆ ಕೆಳಗೆ ಇನ್ನೊಂದು ಪಿಟಿಒ ಇರ್ತದೆ, ಸುಮಾರು 2000 ಸುತ್ತು. ಅದರಿಂದ ಮುಂದಿನ ಯಂತ್ರ ತಿರುಗಿಸಬಹುದು. ಕ್ಲಚ್ ಒತ್ತದೆ ಹಿಂದೆ ಮುಂದೆ ಹೋಗೋ ಹೈಡ್ರೋಸ್ಟ್ಯಾಟಿಕ್ ಗೇರ್ ಈ ಕೆಲಸಕ್ಕೆ ದೊಡ್ಡ ಉಪಕಾರ.

ಎಚ್‌ಪಿ ವಿಷಯಕ್ಕೆ ಬಂದ್ರೆ, ಅಲ್ಲಿ 24 ಚಿಲ್ಲರೆ ಎಚ್‌ಪಿಯ ಟ್ರ್ಯಾಕ್ಟರ್ ಬಹಳ. 25 ಯಾಕಿಲ್ಲ? ಹೊಗೆಯ ಕಾನೂನು. 19 ಕಿಲೋವ್ಯಾಟ್, ಅಂದ್ರೆ ಹೆಚ್ಚುಕಡಿಮೆ 25 ಎಚ್‌ಪಿ ದಾಟಿದ ಡೀಸೆಲ್ ಎಂಜಿನ್ನಿಗೆ 2013ರಿಂದ ಬಿಗಿ ನಿಯಮ. ಅದಕ್ಕಾಗಿ ಮಸಿ ಹಿಡಿಯೋ ಫಿಲ್ಟರ್, ಅದರ ಖರ್ಚು, ಅದರ ತಲೆಬಿಸಿ. ಆ ಗೆರೆಯ ಕೆಳಗೇ ನಿಲ್ಲೋಣ ಅಂತ ತೀರ್ಮಾನ ಆಯ್ತು.

ಈಗ ನನ್ನ ಪೆದ್ದುತನವನ್ನೂ ಹೇಳ್ತೀನಿ. ಹಿಡಿತ ಹೆಚ್ಚಲಿ ಅಂತ ನಾನು ದೊಡ್ಡ ಗತ್ತಿನಲ್ಲಿ "ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬ್ಸು, ನಾವೆಲ್ಲ ಹಾಗೇ ಮಾಡೋದು" ಅಂದೆ. ಆ ಕಡೆಯಿಂದ ನಗು. "ಮಾವ, ಇಲ್ಲಿ ನೀರು ಟೈರೊಳಗೆ ಬಂಡೆ ಆಗ್ತದೆ!" ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕಲಸಿದ ನೀರು ತುಂಬ್ತಾರೆ, ಅದು ರಿಮ್ ತುಕ್ಕು ಹಿಡಿಸ್ತದೆ ಅಂತ ಈಗ ಹೆಚ್ಚಿನವರು ಬೀಟ್ ಸಕ್ಕರೆಯ ರಸ ತುಂಬಿಸ್ತಾರಂತೆ. ಡೀಸೆಲ್ಲೂ ಹಾಗೇ. ನಮ್ಮಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟೋ ಹಾಗೆ ಅಲ್ಲಿ ಡೀಸೆಲ್ ಮೇಣದ ಹಾಗಾಗಿ ಫಿಲ್ಟರ್ ಕಟ್ತದೆ. ಚಳಿಗಾಲಕ್ಕೆ ಬೇರೆ ಡೀಸೆಲ್, ಎಂಜಿನ್ ಬಿಸಿ ಮಾಡೋಕೆ ಕರೆಂಟಿನ ಹೀಟರ್. ನೆಲ ಬದಲಾದ್ರೆ ಅನುಭವಸ್ಥನೂ ಶಾಲೆಗೆ ಸೇರಬೇಕು.

ಒಂದು ಮಾತು ಮಾತ್ರ ನಾನು ಹೇಳಿದ್ದನ್ನ ಅವನು ಒಪ್ಪಿದ. ಎಸೆಯೋ ಬಾಯಿಗೆ ಒದ್ದೆ ಹಿಮ ಕಚ್ಚಿಕೊಂಡ್ರೆ ಕೈ ಹಾಕಬೇಡ. ಎಂಜಿನ್ ಆಫ್ ಮಾಡು, ಎಲ್ಲ ನಿಲ್ಲಲಿ, ಆಮೇಲೂ ಕೋಲಿನಲ್ಲೇ ತೆಗಿ. ರೋಟವೇಟರಿಗೆ ಸುತ್ತಿದ ಬಳ್ಳಿ ಬಿಡಿಸೋಕೆ ಹೋಗಿ ಬೆರಳು ಕಳ್ಕೊಂಡವರು ನಮ್ಮಲ್ಲೂ ಇದ್ದಾರಲ್ಲ, ಅದೇ ಪಾಠ.

ಇನ್ನು ನಮ್ಮ ವಿಷಯ. ಈ ಇತಿಹಾಸದ ಒಂದು ಕವಲು ನೇರ ನಮ್ಮ ಕೊಟ್ಟಿಗೆಗೆ ಬಂದಿದೆ. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾಗಿದ್ದು. ಕೇರಳ ಸರಕಾರದ ಕಾಮ್ಕೊ 1973ರಲ್ಲಿ ಶುರುವಾಯ್ತು, ಅದರ ಟಿಲ್ಲರ್ ಕುಬೋಟಾದ ತಂತ್ರಜ್ಞಾನದ್ದು. ಮಲೆನಾಡು, ಕರಾವಳಿಯ ಎಷ್ಟೋ ಮನೆಯಲ್ಲಿ ಜೋಡೆತ್ತಿನ ಜಾಗಕ್ಕೆ ಬಂದಿದ್ದು ಈ ಎರಡರಲ್ಲಿ ಒಂದು. ಮಹೀಂದ್ರ 1994ರಲ್ಲಿ ಅಮೆರಿಕಕ್ಕೆ ಹೋಗಿ ಟ್ರ್ಯಾಕ್ಟರ್ ಮಾರೋಕೆ ಶುರು ಮಾಡಿತು, 2015ರಲ್ಲಿ ಮಿತ್ಸುಬಿಷಿಯ ಕೃಷಿ ಯಂತ್ರ ಕಂಪನಿಯಲ್ಲಿ ಪಾಲು ತಗೊಂಡಿತು. 2022ರಲ್ಲಿ ಎಸ್ಕಾರ್ಟ್ಸ್ ಹೋಗಿ ಎಸ್ಕಾರ್ಟ್ಸ್ ಕುಬೋಟಾ ಆಯ್ತು. ಅಂದ್ರೆ ಸಿರಾಕ್ಯೂಸಿನ ಹಿಮದಲ್ಲಿ ಓಡೋದಕ್ಕೂ ನಮ್ಮ ತೋಟದಲ್ಲಿ ಓಡೋದಕ್ಕೂ ಅಜ್ಜ ಒಬ್ಬನೇ.

ಅಜ್ಜ ಒಬ್ಬನೇ ಆದ್ರೂ ಮೊಮ್ಮಕ್ಕಳನ್ನ ನೋಡಿ ಆರಿಸಬೇಕು. ನಾನು ಹಿಂದೆ 42 ಎಚ್‌ಪಿ ಟ್ರ್ಯಾಕ್ಟರ್ ತಗೊಂಡಾಗ ನೋಡಿದ್ದು ಎರಡೇ, ಎಚ್‌ಪಿ ಮತ್ತು ಕಂತು. ಮನೆಗೆ ತಂದ ಮೇಲೆ ತೋಟಕ್ಕೆ ಇಳಿಸಿದ್ರೆ ಮಡ್‌ಗಾರ್ಡ್ ಎರಡೂ ಕಡೆ ಮರಕ್ಕೆ ಉಜ್ಜಿತು. ಅಜ್ಜನ ಕಾಲದ ತೋಟ, ಸಾಲಿನ ನಡುವೆ ಎಂಟಡಿಯೂ ಇಲ್ಲ. ಬಸಿಗಾಲುವೆ ದಾಟಿಸೋಕೆ ಸಂಕ ಗಟ್ಟಿ ಇಲ್ಲ. ಐದು ವರ್ಷ ಬಾಡಿಗೆಗೆ ಓಡಿಸಿ ಕಂತು ಕಟ್ಟಿದೆ, ಕೊನೆಗೆ ನಷ್ಟಕ್ಕೆ ಕೊಟ್ಟೆ. ತಪ್ಪು ಟ್ರ್ಯಾಕ್ಟರಿನದಲ್ಲ. ಬಯಲುಸೀಮೆಯ ಹೊಲಕ್ಕೆ ಹುಟ್ಟಿದ್ದನ್ನ ಅಡಿಕೆ ತೋಟಕ್ಕೆ ತಂದವನು ನಾನು.

ಈ ಕಥೆಯಿಂದ ನಾನು ತಿಳ್ಕೊಂಡಿದ್ದು ಇಷ್ಟೇ. ಪ್ರತಿ ಯಂತ್ರಕ್ಕೂ ಒಂದು ಹುಟ್ಟಿದೂರು ಇರ್ತದೆ, ಆ ಊರಿನ ನೆಲ ಅದರ ಮೈಯಲ್ಲಿ ಇರ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಎಂಥಾ ನೆಲಕ್ಕೆ ಮಾಡಿದ್ದು, ನನ್ನ ನೆಲ ಅದಕ್ಕೆ ಎಷ್ಟು ಹತ್ತಿರ. ಬೆಲೆ, ಸಬ್ಸಿಡಿ, ಬಣ್ಣ ಎಲ್ಲ ಆಮೇಲೆ.

ಈ ವರ್ಷ ನಮ್ಮ ಸುತ್ತಮುತ್ತ ನಾಲ್ಕೈದು ಜನ ಮಿನಿ ಟ್ರ್ಯಾಕ್ಟರ್ ಯೋಚನೆಯಲ್ಲಿದ್ದೀರಿ ಅಂತ ಕೇಳಿದೆ. ಶೋರೂಮಿಗೆ ಹೋಗೋ ಮುಂಚೆ ಒಂದು ಅಳತೆ ಟೇಪ್ ಹಿಡ್ಕೊಂಡು ತೋಟಕ್ಕೆ ಹೋಗಿ. ಸಾಲಿನ ಅಗಲ, ತಿರುಗೋ ಜಾಗ, ಸಂಕದ ಅಗಲ, ಕೆಳಗೆ ಬಾಗಿರೋ ಸೋಗೆಯ ಎತ್ತರ, ನಾಲ್ಕನ್ನೂ ಬರ್ಕೊಳ್ಳಿ. ನಾಲ್ಕು ಚಕ್ರದ ಎಳೆತ ಇದೆಯಾ, ಸೀಟಿನ ಹಿಂದೆ ಕಮಾನು ಇದೆಯಾ, ಭಾಗಗಳು ನಮ್ಮ ತಾಲೂಕಲ್ಲೇ ಸಿಗ್ತವಾ ಕೇಳಿ. ಒಬ್ಬರೇ ಹೋಗೋಕೆ ಬೇಸರ ಆದ್ರೆ ಕರೀರಿ, ನಾನೂ ಬರ್ತೀನಿ. ಸಾಲ ಮಾಡಿ ಕಲಿತಿದ್ದು, ಪುಕ್ಕಟೆ ಹೇಳ್ತೀನಿ.

ಹುಡುಗ ಕೊನೆಗೆ ಅಲ್ಲಿನ ಡೀಲರ್ ಹತ್ತಿರವೇ 24 ಎಚ್‌ಪಿಯದು ತಗೊಂಡ. ಕಮಾನು ಇದೆ, ಮುಂದೆ ಎಸೆಯೋ ಯಂತ್ರ, ಹಿಂದಿನ ಟೈರಿಗೆ ಬೀಟ್ ರಸ, ಮೇಲೆ ಸರಪಳಿ. ಹಿಮ ಬೀಳೋ ಮುಂಚೆಯೇ ದಾರಿಯ ಎರಡೂ ಅಂಚಿಗೆ ಕೆಂಪು ಕೋಲು ನೆಟ್ಟ. ಈ ಜನವರಿಯಲ್ಲಿ ಅಕ್ಕ ಅಡುಗೆಮನೆ ಕಿಟಕಿಯಿಂದ ವಿಡಿಯೋ ಮಾಡಿ ಕಳಿಸಿದ್ಲು. ಬೆಳಗಿನ ಜಾವ, ದೀಪ ಹಾಕ್ಕೊಂಡು ಟ್ರ್ಯಾಕ್ಟರ್ ಆಮೆ ಹಾಗೆ ಹೋಗ್ತಾ ಇದೆ, ಪಕ್ಕಕ್ಕೆ ಹಿಮ ಚಿಮ್ತಾ ಇದೆ, ಹಿಂದೆ ಕಪ್ಪು ದಾರಿ ತೆರೀತಾ ಇದೆ. ಹಿನ್ನೆಲೆಯಲ್ಲಿ ಅಕ್ಕನ ದನಿ: "ನೋಡೋ, ಅಪ್ಪಯ್ಯ ಗದ್ದೆ ಹೂಟಿ ಮಾಡ್ದಂಗೇ ಕಾಣ್ತದೆ."

ಆಂಬ್ಯುಲೆನ್ಸ್ ಈಗ ಬಾಗಿಲ ತನಕ ಬರ್ತದೆ. ಬರೋ ಪ್ರಸಂಗ ಬಾರದಿರಲಿ.